ಬಾಯಿ ಬಿಟ್ಟು ಓದಿದ ಬೀಜಗಣಿತ

ಗಣಿತವೆಂಬುದು ಕಿವಿಗೆ ಕೇಳಿಸಬೇಕಾದ ವಿದ್ಯೆ ಎಂಬುದು ನಮ್ಮ ಮನೆತನದ ಸಿದ್ಧಾಂತ. ಒಗ್ಗರಣೆಯ ಸದ್ದಿನಿಂದ ಅಡುಗೆಯ ಸುದ್ದಿ ತಿಳಿಯುವ ಹಾಗೆ, ಹುಡುಗನ ಅಭ್ಯಾಸದ ಸುದ್ದಿ ಓಣಿಗೆಲ್ಲ ತಿಳಿಯಬೇಕು. ದಿನವೂ ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಕುಳಿತು ಪಾವಕಿ, ನಿಮಕಿ, ಅಂದರೆ ಕಾಲಿನ ಮಗ್ಗಿ, ಅರ್ಧದ ಮಗ್ಗಿ ಕೂಗಿ ಬೆಳೆದವನು ನಾನು. ಉತ್ತರ ತಪ್ಪಿದರೆ ಕ್ಷಮೆಯಿತ್ತು. ದನಿ ಇಳಿದರೆ ಇರಲಿಲ್ಲ. ಈ ಶಿಸ್ತಿನಲ್ಲಿ ನನ್ನ ಗಂಟಲು ಬೆಳೆದಷ್ಟು ಗಣಿತ ಬೆಳೆಯಲಿಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ.

ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಗಣಿತ ನನ್ನನ್ನು ದಾಟಿಸಿತು. ಆದರೆ ಮಳೆಗಾಲದ ಹಳ್ಳವನ್ನು ಎಮ್ಮೆಯ ಬಾಲ ಹಿಡಿದು ದಾಟಿದವನ ಸ್ಥಿತಿ ನನ್ನದು. ಧಾರವಾಡದ ಕಾಲೇಜಿನಲ್ಲಿ ಸಾಲೆಯ ಗಣಿತ ಮುಗಿದಲ್ಲಿಂದಲೇ ಗಣಿತ ಸುರುವಾಗುತ್ತದೆಂದೂ, ಹಳೆಯದನ್ನೆಲ್ಲ ಬೇಸಿಗೆಯ ಸೂಟಿಯಲ್ಲಿ ಮತ್ತೆ ತಿದ್ದಿಕೊಳ್ಳದೆ ಹೋದವರು ದೀಪಾವಳಿಯೊಳಗೆ ಹಾಸಿಗೆ ಸುತ್ತಿಕೊಂಡು ಮನೆಗೆ ಬರುತ್ತಾರೆಂದೂ ಬಲ್ಲವರು ಹೇಳಿದರು. ಅದಕ್ಕಿಂತ ದೊಡ್ಡ ಭಯ ನಮ್ಮ ಕಾಕಾ. ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮಿಸ್ತ್ರಿ. ನನಗಾಗಿ ಅಲ್ಲಿ ಒಂದು ಜಾಗವನ್ನೂ ಒಂದು ಸುತ್ತಿಗೆಯನ್ನೂ ನೋಡಿಟ್ಟಿದ್ದರು. "ಜೂನ್ ತಿಂಗಳದಾಗ ಬರ್ತೇನಿ. ನಾ ಕೇಳಿದ್ದು ತಡವರಿಸದ ಹೇಳಿದಿ, ಕಾಲೇಜು. ತಡವರಿಸಿದಿ, ನನ್ನ ಕೂಡ ಗಾಡಿ ಹತ್ತಬೇಕು" ಎಂದು ಹೇಳಿ ಹೋದರು.

ಮರುದಿನವೇ ಪಡಸಾಲೆಯಲ್ಲಿ ಪಾಟಿ ಹಿಡಿದು ಕುಳಿತೆ. ಬೀಜಗಣಿತದ ದೊಡ್ಡ ಅವಗುಣವೆಂದರೆ ಅದು ಮೌನಿ. ಅರ್ಧ ತಾಸು ಪಾಟಿಯನ್ನೇ ದಿಟ್ಟಿಸಿದರೂ ತುಟಿ ಅಲುಗಬೇಕಾಗಿಲ್ಲ. ಎದುರಿಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿಗೆ ಸಂಶಯ ಬಂತು.

"ಏನೋ, ಅಭ್ಯಾಸ ಮಾಡಾಕತ್ತೀಯೋ, ಕಣ್ಣು ತೆರಕೊಂಡು ನಿದ್ದಿ ಮಾಡಾಕತ್ತೀಯೋ?"

"ಅಜ್ಜಿ, ಇದು ಮನಸಿನ್ಯಾಗ ಮಾಡೂ ಲೆಕ್ಕ."

"ಮನಸಿನ್ಯಾಗ ನಾನೂ ಕಾಶಿಗೆ ಹೋಗಿ ಬಂದೇನಿ. ಬಾಯಿ ಬಿಟ್ಟು ಓದು!"

ಅಜ್ಜಿಯ ಅಪ್ಪಣೆಗೆ ಅಪೀಲಿಲ್ಲ. ಅಂದಿನಿಂದ ನಾನು ಲೆಕ್ಕ ಬಿಡಿಸುವುದನ್ನು ಬಿಟ್ಟು ಸೂತ್ರಗಳ ಪಾರಾಯಣಕ್ಕೆ ನಿಂತೆ. "ಎ ಪ್ಲಸ್ ಬಿ ಹೋಲ್ ಸ್ಕ್ವೇರ್, ಎ ಸ್ಕ್ವೇರ್ ಪ್ಲಸ್ ಟೂ ಎಬಿ ಪ್ಲಸ್ ಬಿ ಸ್ಕ್ವೇರ್" ಎಂದು ನಾನು ಏರುದನಿಯಲ್ಲಿ ಹೊರಟರೆ ಮಾಳಿಗೆಯ ಪಾರಿವಾಳಗಳು ಎದ್ದು ಹೋಗುತ್ತಿದ್ದವು. ಅಜ್ಜಿ ಆ ತಾಳಕ್ಕೆ ಹುಣಸೆ ಕುಟ್ಟುತ್ತಿದ್ದಳು. ಸಮೀಕರಣ ಉದ್ದವಾದ ದಿನ ಹಣ್ಣು ಬಹಳ ಸಣ್ಣಗಾಗುತ್ತಿತ್ತು. ಎದುರು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಮಹಬೂಬಸಾಬರಂತೂ ಹದಿನೈದು ದಿನಗಳಲ್ಲಿ ನನಗಿಂತ ಮುಂದೆ ಹೋದರು. ನನ್ನ ನಾಲಗೆಗೆ ನಡುವಿನ "ಟೂ ಎಬಿ"ಯನ್ನು ನುಂಗುವ ಚಟವಿತ್ತು. ನುಂಗಿದ ಕೂಡಲೇ ಅವರ ಯಂತ್ರ ನಿಲ್ಲುತ್ತಿತ್ತು. "ಏ ತಮ್ಮಾ, ಟೂ ಎಬಿ ಎಲ್ಲಿ ಹೋತೋ? ನಡುವಿನ ಗುಂಡಿ ಬಿಟ್ರ ಅಂಗಿ ಛಲೋ ಕಾಣ್ತದೇನು?" ನಾನು ತಿದ್ದಿಕೊಂಡ ಮೇಲೆಯೇ ಯಂತ್ರ ಮುಂದೆ ಸಾಗುವುದು. ಮದುವೆಯ ಹಂಗಾಮಿನಲ್ಲಿ ಎಷ್ಟೋ ವರಗಳ ಕೋಟು ತಡವಾದದ್ದು ನನ್ನಿಂದಲೇ.

ಹೇಳಿದಂತೆ ಜೂನ್ ತಿಂಗಳಲ್ಲಿ ಕಾಕಾ ಬಂದರು. ಕಾಲು ತೊಳೆದು, ಚಹಾ ಕುಡಿದು, ನ್ಯಾಯಾಧೀಶರ ಗಾಂಭೀರ್ಯದಿಂದ ಪುಸ್ತಕ ತೆರೆದು ಒಂದು ಕಡೆ ಬೆರಳಿಟ್ಟರು. "ಹೂಂ, ಇದನ್ನ ಹೇಳು." ನೋಡಿದರೆ ಅದೇ ಸೂತ್ರ! ಕುಲದೇವರನ್ನು ನೆನೆದು ಓಣಿಯ ಆಚೆ ತುದಿಗೆ ಮುಟ್ಟುವಂತೆ ಕೂಗಿದೆ. ಒಂದಿಷ್ಟೂ ತಡವರಿಸಲಿಲ್ಲ. ಕಾಕಾನ ಮೋರೆ ಅರಳಿತು, ತಲೆ ತೂಗಿತು. ಬೀಜಗಣಿತದ ಗಂಧವಿಲ್ಲದ ಅವರಿಗೆ ನಾನು ಟೂ ಎಬಿ ನುಂಗಿದ್ದು ಹೇಗೆ ತಿಳಿಯಬೇಕು? ಕಾಲೇಜಿನ ಬಾಗಿಲು ತೆರೆದೇಬಿಟ್ಟಿತು ಎನ್ನುವಷ್ಟರಲ್ಲಿ ಎದುರು ಮನೆಯ ಯಂತ್ರ ನಿಂತಿತು.

"ತಮ್ಮಾ, ಟೂ ಎಬಿ!"

ಕಾಕಾ ಬೆಚ್ಚಿ ತಿರುಗಿದರು. "ಯಾರವರು?"

"ನಮ್ಮ ಸಾಬರು. ಅಂಗಿ ಹೊಲೀತಾರ" ಎಂದಳು ಅಜ್ಜಿ, ಹೆಮ್ಮೆಯಿಂದ.

"ಯಾ ಸಾಲಿ ಕಲ್ತಾರ?"

"ಸಾಲಿ ಎಲ್ಲೀದು? ನಮ್ಮ ಹುಡುಗ ಒದರೂದು ಕೇಳಿ ಕೇಳಿ ಕಲ್ತಾರ. ಇವ ದಿನಾ ಅಲ್ಲೇ ಬಿಡ್ತಾನ, ಅವರು ದಿನಾ ಹೇಳ್ತಾರ."

ಕಾಕಾ ಪುಸ್ತಕದಲ್ಲಿ ಟೂ ಎಬಿಯನ್ನು ಬೆರಳಿನಿಂದ ಹುಡುಕತೊಡಗಿದರು. ನಾನು ಮನಸ್ಸಿನಲ್ಲಿಯೇ ಟ್ರಂಕು ಕಟ್ಟಿ, ಹುಬ್ಬಳ್ಳಿಯಲ್ಲಿ ಇಳಿದು, ಸುತ್ತಿಗೆ ಎತ್ತಿ, ಮೊದಲನೆಯ ಪೆಟ್ಟನ್ನು ಸ್ವಂತ ಬೆರಳಿಗೆ ಕೊಟ್ಟುಕೊಂಡೂ ಆಗಿತ್ತು. ಕೊನೆಗೆ ಅವರು ಪುಸ್ತಕ ಮುಚ್ಚಿ ನನ್ನ ಕೈಗಿತ್ತರು.

"ಅವ್ವಾ, ಇವನ್ನ ಕಾಲೇಜಿಗೇ ಕಳಿಸೋಣ."

ನಾನು ಕಾಲಿಗೆ ಬಿದ್ದೆ. ಬಿದ್ದವನನ್ನು ಎಬ್ಬಿಸದೆಯೇ ಅವರು ಅಜ್ಜಿಗೆ ಕಾರಣವನ್ನೂ ಹೇಳಿದರು: "ನಮ್ಮಲ್ಲಿ ನಡುವಿಂದು ಒಂದು ಬೋಲ್ಟು ಬಿಟ್ರ ಗಾಡಿ ಬೀಳ್ತದ, ಮಂದಿ ಸಾಯ್ತಾರ. ಕಾಲೇಜಿನ್ಯಾಗ ಏನು ಬಿಟ್ರೂ ಯಾರಿಗೇನೂ ಆಗೂದಿಲ್ಲ."

ಆ ಮಾತಿನ ಆಧಾರದ ಮೇಲೆ ಕಾಲೇಜು ಸೇರಿದವನು ನಾನು ಇನ್ನೂ ಹೊರಗೆ ಬಂದಿಲ್ಲ. ಈಗ ಅಲ್ಲಿಯೇ ತರ್ಕಶಾಸ್ತ್ರ ಕಲಿಸುತ್ತೇನೆ. ಹಿಂದಿನ ಬೆಂಚಿನವರಿಗೂ ನನ್ನ ದನಿ ಸ್ಪಷ್ಟವಾಗಿ ಕೇಳಿಸುತ್ತದೆಂದು ಹೆಸರು ಪಡೆದಿದ್ದೇನೆ. ಪಾಠದ ನಡುವೆ ಏನೇನು ಬಿಡುತ್ತೇನೋ ನನಗೂ ಗೊತ್ತಿಲ್ಲ. ಆದರೆ ಕಾಕಾ ಹೇಳಿದ್ದು ಖರೆ: ಈವರೆಗೆ ಒಬ್ಬರೂ ಸತ್ತಿಲ್ಲ.