ಟ್ಯಾಂಕಿನ ಮೇಲೆ ಹಲ್ಲಪ್ಪನ ಜೆಟ್

ಎಲ್ಲದಕ್ಕೂ ಮೂಲ ಹಲ್ಲಪ್ಪನ ಎಡಗೈ ಹೆಬ್ಬೆರಳು.

ಆ ಭಾನುವಾರ ಬೆಳಿಗ್ಗೆ ಅವನು ಮನೆಯ ಸಣ್ಣ ಕೋಣೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎದುರಿಗಿದ್ದ ನಾಲ್ಕಡಿ ಉದ್ದದ ಜೆಟ್ ವಿಮಾನಕ್ಕೂ ಕೈಯಲ್ಲಿದ್ದ ರಿಮೋಟಿಗೂ ನಂಟು ಹಚ್ಚುತ್ತಿದ್ದ. ಈ ನಂಟು ಕೂಡಿಬರುವ ಗಳಿಗೆಯಲ್ಲಿ ರಿಮೋಟಿನ ಎಡಗಡೆಯ ಕಡ್ಡಿ ಪೂರಾ ಕೆಳಗಿರಬೇಕು. ಅದು ಮೋಟರಿನ ಕಡ್ಡಿ. ಆಗ ಅದು ಎಲ್ಲಿರುತ್ತದೋ ಅದನ್ನು ವಿಮಾನ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಯಾವಾಗಲಾದರೂ ರಿಮೋಟಿನ ಸಂಪರ್ಕ ತಪ್ಪಿದರೆ ಮೋಟರನ್ನು ಅಲ್ಲಿಗೇ ತಂದುಕೊಳ್ಳುತ್ತದೆ. ಕಡ್ಡಿ ಕೆಳಗಿದ್ದರೆ ಮೋಟರು ನಿಲ್ಲುತ್ತದೆ, ವಿಮಾನ ಮೆಲ್ಲಗೆ ಇಳಿಯುತ್ತದೆ.

ಸರಿಯಾಗಿ ಅದೇ ಗಳಿಗೆಯಲ್ಲಿ ಕಿಟಕಿಯೊಳಗೆ ಒಂದು ತಲೆ ತೂರಿತು.

"ಏನ್ ಹಲ್ಲಪ್ಪನೋರೆ, ಇವತ್ತಾದ್ರೂ ಮೇಲೇಳತ್ತೋ, ಇಲ್ಲ ಇನ್ನೊಂದು ವರ್ಷ ಉಜ್ತಾ ಕೂತ್ಕೋತೀರೋ?"

ಮೇಲಿನ ಮಹಡಿಯ ಮೇಷ್ಟ್ರು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಲೆ, ಕೇಳುವ ತರಗತಿಯೇ ಇಲ್ಲದೆ ಇಡೀ ಬೀದಿಯನ್ನು ತರಗತಿ ಮಾಡಿಕೊಂಡವರು. ಹಲ್ಲಪ್ಪ ಬೆಚ್ಚಿಬಿದ್ದ. ಹೆಬ್ಬೆರಳು ಜಾರಿತು, ಕಡ್ಡಿ ಅರ್ಧಕ್ಕೇರಿತು, ಅಷ್ಟರಲ್ಲೇ ಕೆಂಪು ದೀಪ ಮಿನುಗುವುದನ್ನು ಬಿಟ್ಟು ನೆಟ್ಟಗೆ ಉರಿಯಿತು. ನಂಟು ಕೂಡಿಬಂದಿತ್ತು. ಅವನು ಕಡ್ಡಿಯನ್ನು ಕೆಳಗೆಳೆದುಕೊಂಡು, "ಬನ್ನಿ ಮೇಷ್ಟ್ರೇ, ಇವತ್ತು ಹಾರೇ ಹಾರತ್ತೆ" ಎಂದ. ಆದ ಎಡವಟ್ಟು ಅವನ ಗಮನಕ್ಕೇ ಬರಲಿಲ್ಲ.

ಹಲ್ಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ ಕೂತು ಕಟ್ಟು ಹಲ್ಲು ತಯಾರಿಸುವುದು ಅವನ ಕೆಲಸ. ದಿನವಿಡೀ ಬೇರೆಯವರ ಬಾಯಿಯ ಅಚ್ಚುಗಳನ್ನು ಉಜ್ಜಿ ಉಜ್ಜಿ, ಕೂದಲೆಳೆಯಷ್ಟು ವ್ಯತ್ಯಾಸವೂ ಬೆರಳ ತುದಿಗೆ ಗೊತ್ತಾಗುತ್ತಿತ್ತು. ಆ ಬೆರಳುಗಳಿಂದ ಹದಿನಾಲ್ಕು ತಿಂಗಳು ಕೂತು ಅವನು ಈ ಜೆಟ್ ಕಟ್ಟಿದ್ದ. ಅಂಗಡಿಯಿಂದ ತಂದ ಬಿಡಿಭಾಗ ಜೋಡಿಸಿದ್ದಲ್ಲ. ಅಂಗೈಯಗಲದ ಒಂದು ನಕ್ಷೆಯನ್ನು ಗೋಡೆಯಗಲ ಹಿಗ್ಗಿಸಿ ಬರೆದು, ಥರ್ಮಾಕೋಲನ್ನು ಬಿಸಿ ತಂತಿಯಲ್ಲಿ ಕೊಯ್ದು ರೆಕ್ಕೆ ಮಾಡಿ, ಬೆಂಡಿನಷ್ಟು ಹಗುರಾದ ಮರದಿಂದ ಪಕ್ಕೆಲುಬು ಜೋಡಿಸಿ, ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ ಅಂಟು ಬಳಿದದ್ದು. ಪೈಲಟ್ ಕೂರುವ ಜಾಗದ ಗಾಜಿನ ಗುಮ್ಮಟ ಮೊದಲು ಎರಡು ಲೀಟರಿನ ನೀರಿನ ಬಾಟಲಿಯಾಗಿತ್ತು. ಹೊಟ್ಟೆಯೊಳಗೆ ಬೆಂಕಿಯಿಲ್ಲ, ಕೊಳವೆಯಲ್ಲಿ ಕೂತ ಹನ್ನೆರಡು ಎಲೆಯ ಪುಟ್ಟ ಫ್ಯಾನು. ಆದರೆ ಅದು ತಿರುಗತೊಡಗಿದರೆ ಕೂಗು ಮಾತ್ರ ಅಸಲಿ ಜೆಟ್ಟಿನದೇ.

ಈ ಹದಿನಾಲ್ಕು ತಿಂಗಳಲ್ಲಿ ಹೆಂಡತಿ ಸೋಫಾದ ಮೇಲೆ ಮರದ ಪುಡಿ, ಅನ್ನದ ತಟ್ಟೆಯಲ್ಲಿ ಅಂಟಿನ ವಾಸನೆ ಎಲ್ಲವನ್ನೂ ಸಹಿಸಿದ್ದಳು. ಹೊರಡುವಾಗ ಬಾಗಿಲಿಗೆ ಅಡ್ಡ ನಿಂತು ಒಂದೇ ಮಾತು ಹೇಳಿದಳು.

"ನೋಡಿ, ಇವತ್ತು ಹಾರಿದ್ರೆ ಇನ್ನೊಂದನ್ನೂ ಮಾಡ್ಕೊಳ್ಳಿ, ನಾನು ತುಟಿ ಬಿಚ್ಚಲ್ಲ. ಹಾರ್ಲಿಲ್ವೋ, ಆ ಕೋಣೆ ನನ್ನ ಹೊಲಿಗೆ ಮಿಷನ್ನಿಗೆ. ಆಮೇಲೆ ಮೂತಿ ಊದಿಸ್ಕೋಬಾರ್ದು."

ಬೀದಿಯ ಕೊನೆಯ ಮೈದಾನದಲ್ಲಿ ಆ ಹೊತ್ತಿಗೆ ಹಲ್ಲಪ್ಪ ಮತ್ತು ಮೇಷ್ಟ್ರನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೈದಾನದಾಚೆ ಎತ್ತರದ ನೀರಿನ ಟ್ಯಾಂಕ್ ಮಾತ್ರ ಕಂಬಗಳ ಮೇಲೆ ನಿಂತು, ತಪ್ಪು ಹುಡುಕಲು ಬಂದ ಮೇಲಧಿಕಾರಿಯ ಹಾಗೆ ಕೆಳಗೆ ನೋಡುತ್ತಿತ್ತು. ಹಲ್ಲಪ್ಪ ಎಡಗೈಯಲ್ಲಿ ರಿಮೋಟು ಹಿಡಿದು ಬಲಗೈಯಲ್ಲಿ ಜೆಟ್ಟನ್ನು ತಲೆಯ ಮೇಲಕ್ಕೆತ್ತಿದ. ಕಡ್ಡಿಯನ್ನು ತುದಿಯವರೆಗೆ ನೂಕಿದ. ಫ್ಯಾನು ಚೀರಿತು. ಉಸಿರು ಬಿಗಿಹಿಡಿದು, ನಾಲ್ಕು ಹೆಜ್ಜೆ ಓಡಿ ಎಸೆದ.

ಜೆಟ್ ಒಂದು ಗೇಣು ಕೆಳಗಿಳಿಯಿತು. ಅವನ ಎದೆಯೂ ಅಷ್ಟೇ ಇಳಿಯಿತು. ಆಮೇಲೆ ಅದು ಮೂತಿ ಎತ್ತಿ, ಬೆಳ್ಳಗೆ ಹೊಳೆಯುತ್ತ ಏರಿತು ನೋಡಿ, ಹಲ್ಲಪ್ಪನ ಕಣ್ಣಲ್ಲಿ ನೀರೇ ಬಂತು. ಒಂದು ಸುತ್ತು. ಎರಡು ಸುತ್ತು. ತಾನು ಕೊಯ್ದ ರೆಕ್ಕೆ ಗಾಳಿಯನ್ನು ಹಿಡಿದು ನಿಂತಿದೆ!

"ಹಲ್ಲಪ್ಪನೋರೆ, ಬಲಗಡೆ ವಾಲ್ತಾ ಇದೆ. ಕೋನ ಜಾಸ್ತಿ ಆಯ್ತು" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ, ನಾನೇ ತಿರುಗಿಸ್ತಿರೋದು. ಮಾತಾಡಿಸ್ಬೇಡಿ."

"ಕೋನದ ವಿಷ್ಯ ನನಗೆ ಹೇಳ್ತೀರಾ? ತನ್ನಿ ಇಲ್ಲಿ, ತೋರಿಸ್ತೀನಿ" ಎನ್ನುತ್ತ ಮೇಷ್ಟ್ರು ರಿಮೋಟಿಗೆ ಕೈ ಹಾಕಿದರು. ಹಲ್ಲಪ್ಪ ಎಳೆದ. ಅವರೂ ಎಳೆದರು. ರಿಮೋಟು ಇಬ್ಬರ ಕೈಯಿಂದಲೂ ಜಾರಿ ನೆಲಕ್ಕೆ ಬಿತ್ತು, ಹಿಂದಿನ ಮುಚ್ಚಳ ಹಾರಿತು, ನಾಲ್ಕು ಸೆಲ್ಲುಗಳು ನಾಲ್ಕು ದಿಕ್ಕಿಗೆ ಉರುಳಿದವು.

ಮೋಟರು ಇನ್ನೇನು ನಿಲ್ಲುತ್ತದೆ ಎಂದು ಹಲ್ಲಪ್ಪ ತಲೆಯೆತ್ತಿದ. ನಿಲ್ಲಲಿಲ್ಲ. ಜೆಟ್ ಅರ್ಧ ವೇಗದಲ್ಲಿ, ಗೆರೆ ಎಳೆದ ಹಾಗೆ ನೇರವಾಗಿ, ತನಗೂ ಈ ಇಬ್ಬರಿಗೂ ಸಂಬಂಧವೇ ಇಲ್ಲವೆಂಬಂತೆ ಹೊರಟೇಹೋಯಿತು. ಬೆಳಗಿನ ಹೆಬ್ಬೆರಳು ಅವನಿಗೆ ಆಗ ನೆನಪಾಯಿತು. ಮಂಡಿಯೂರಿ ಹುಲ್ಲಿನಲ್ಲಿ ಪರದಾಡಿ ಮೂರು ಸೆಲ್ಲು ಹೆಕ್ಕಿದ.

"ಮೇಷ್ಟ್ರೇ, ಕಾಲೆತ್ತಿ! ನಿಮ್ಮ ಚಪ್ಪಲಿ ಕೆಳಗಿದೆ!"

"ಯಾವ ಕಾಲು?"

"ಎರಡೂ ಎತ್ತಿ!"

ನಾಲ್ಕನೆಯ ಸೆಲ್ಲು ಸಿಗುವಷ್ಟರಲ್ಲಿ ಜೆಟ್ ನೀರಿನ ಟ್ಯಾಂಕಿನ ತಾರಸಿಯ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋಗಿ, ಅಂಚಿನ ಕಂಬಿಗೆ ಮೂತಿ ಸಿಕ್ಕಿಸಿಕೊಂಡು ನಿಂತಿತ್ತು. ಫ್ಯಾನು ಮಾತ್ರ ಊಳಿಡುತ್ತಲೇ ಇತ್ತು. ತೊಟ್ಟಿಯ ಮೇಲೆ ಆ ಸದ್ದು ಹತ್ತು ಪಟ್ಟಾಗಿ ಇಡೀ ಬಡಾವಣೆಗೆ ಕೇಳಿಸಿತು.

ಇಬ್ಬರೂ ಓಡಿ ಅಲ್ಲಿಗೆ ಮುಟ್ಟುವ ಮೊದಲೇ ಟ್ಯಾಂಕಿನ ಕಾವಲುಗಾರ ಪೀಪಿ ಊದಿ, ಪೊಲೀಸರಿಗೆ ಫೋನ್ ಮಾಡಿ, ಮುನ್ನೆಚ್ಚರಿಕೆಗೆಂದು ನೀರಿನ ದೊಡ್ಡ ಕವಾಟವನ್ನೂ ತಿರುಗಿಸಿ ಬಂದ್ ಮಾಡಿದ್ದ. ಐದೇ ನಿಮಿಷದಲ್ಲಿ ಬೀದಿಗಳಿಂದ ಜನ ಬಂದರು. ಕೆಲವರ ತಲೆಯ ಮೇಲೆ ಸೋಪಿನ ನೊರೆ ಇನ್ನೂ ಇತ್ತು.

"ಏನದು ಮೇಲೆ?"

"ಏನೋ ಬಂದು ಬಿತ್ತು ಸ್ವಾಮಿ. ಬಾಂಬೋ ಏನೋ. ಆವಾಗಿಂದ ಕಿರುಚ್ತಾ ಇದೆ" ಎಂದ ಕಾವಲುಗಾರ.

ಹಲ್ಲಪ್ಪ ಬಾಯಿ ತೆರೆದ. ಮೇಷ್ಟ್ರು ಅವನ ಮೊಣಕೈ ಹಿಡಿದು ಹಿಂದಕ್ಕೆಳೆದರು. "ತುಟಿ ಪಿಟಕ್ ಅನ್ಬೇಡಿ! ಜೊತೆಗೆ ನಾನಿದ್ದೆ. ನನ್ನ ಪಿಂಚಣಿ ಏನಾಗ್ಬೇಕು?"

ಹಲ್ಲಪ್ಪ ಓಡುವಾಗಲೇ ಸೆಲ್ಲು ಹಾಕಿಕೊಂಡಿದ್ದ ರಿಮೋಟನ್ನು ಜೊತೆಗೆ ತಂದಿದ್ದ ಕೈಚೀಲದೊಳಗೆ ತುರುಕಿ, ಸದ್ದು ಅಡಗಲೆಂದು ಒಳಗೇ ಗುಂಡಿ ಒತ್ತಿ ಚಾಲೂ ಮಾಡಿದ. ಕಡ್ಡಿ ಕೆಳಗಿತ್ತು. ಕೂಗು ಥಟ್ಟನೆ ನಿಂತಿತು.

ಆ ಮೌನ ಕೂಗಿಗಿಂತ ಕೆಟ್ಟದಾಯಿತು. "ಅಯ್ಯೋ, ನಿಂತೋಯ್ತು! ಇನ್ನೇನು ಸಿಡಿಯತ್ತೆ!" ಎಂದು ಯಾರೋ ಕೂಗಿದರು. ಜನ ದಿಕ್ಕಾಪಾಲಾಗಿ ಓಡಿದರು. ಹಾಗಾದರೆ ರಿಮೋಟನ್ನು ಆರಿಸಿಬಿಡೋಣ ಎಂದು ಹಲ್ಲಪ್ಪ ಗುಂಡಿ ಒತ್ತಿದ. ಸಂಪರ್ಕ ತಪ್ಪಿತು, ಮೇಲೆ ಫ್ಯಾನು ಮತ್ತೆ ಊಳಿಟ್ಟಿತು. ಓಡಿದವರು ಈಗ ಬಂದ ದಾರಿಯಲ್ಲೇ ವಾಪಸು ಓಡಿದರು. ಅವನು ಬೆವರು ಒರೆಸಿಕೊಂಡು ಮತ್ತೆ ಚಾಲೂ ಮಾಡಿದ. ಇನ್ನು ಆ ಚೀಲದೊಳಗೆ ಬೆರಳಾಡಿಸಬಾರದೆಂದು ನಿರ್ಧರಿಸಿ, ಎಳೆಗೂಸಿನ ಹಾಗೆ ಎದೆಗವಚಿಕೊಂಡು ನಿಂತ.

ಜೀಪು ಬಂತು. ಇನ್ಸ್‌ಪೆಕ್ಟರ್ ಇಳಿದರು. ಮೀಸೆಯೇ ಅರ್ಧ ಮುಖವಿದ್ದ ಆಳು.

"ಯಾರು ಮೊದಲು ನೋಡಿದ್ದು?"

ಹಲ್ಲಪ್ಪ ಬೇಡ ಬೇಡವೆಂದು ಕಣ್ಣಲ್ಲೇ ಅಂಗಲಾಚುತ್ತಿದ್ದರೂ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಸದ್ದಿನ ಲೆಕ್ಕದಲ್ಲಿ ಹೇಳೋದಾದ್ರೆ ಸಾರ್, ಇಡೀ ಟ್ಯಾಂಕ್ ಹಾರಿಸೋವಷ್ಟು ಮದ್ದು ಇರಬೇಕು" ಎಂದುಬಿಟ್ಟರು.

ಅದೇ ಹೊತ್ತಿಗೆ ಗುಂಪು ಸೀಳಿಕೊಂಡು ಹಲ್ಲಪ್ಪನ ಹೆಂಡತಿ ಬಂದಳು. ನಲ್ಲಿ ನಿಂತುಹೋಗಿ ಅರ್ಧ ತೊಳೆದ ಸೌಟು ಅವಳ ಕೈಯಲ್ಲೇ ಇತ್ತು. ಗಂಡನನ್ನು ಕಂಡವಳೇ ದೂರದಿಂದ ಕೇಳಿದಳು: "ರೀ, ಹಾರ್ತಾ ನಿಮ್ದು?"

ಇನ್ಸ್‌ಪೆಕ್ಟರ್ ಗಕ್ಕನೆ ತಿರುಗಿದರು. ಹಲ್ಲಪ್ಪ ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ.

"ಗಾಳಿಪಟ!" ಎಂದು ಮೇಷ್ಟ್ರು ಅರಚಿದರು. "ಗಾಳಿಪಟ ಸಾರ್! ಇವರು ಗಾಳಿಪಟ ಹಾರಿಸ್ತಾರೆ!"

"ಈ ವಯಸ್ಸಲ್ಲಾ?" ಎಂದು ಇನ್ಸ್‌ಪೆಕ್ಟರ್ ಕನಿಕರದಿಂದ ನೋಡಿ, ಫೋನು ಕಿವಿಗಿಟ್ಟುಕೊಂಡರು. ಆ ಕಡೆಯ ಮಾತು ಕೇಳಿ ತಲೆಯಾಡಿಸಿದರು. ಆಮೇಲೆ ಜನರ ಕಡೆ ಕೈಬೀಸಿ, "ಎಲ್ರೂ ಹಿಂದಕ್ಕೆ ಹೋಗಿ! ಬಾಂಬ್ ದಳದವರು ಹೊರಟಿದ್ದಾರೆ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ, ಇದ್ದಲ್ಲೇ ಸಿಡಿಸಿಬಿಡ್ತಾರಂತೆ" ಎಂದರು.

ಇದ್ದಲ್ಲೇ ಸಿಡಿಸುವುದು! ಹಲ್ಲಪ್ಪನ ಕಣ್ಣ ಮುಂದೆ ಹದಿನಾಲ್ಕು ತಿಂಗಳು ಥರ್ಮಾಕೋಲಿನ ಚೂರಾಗಿ ಉದುರಿದವು. ಬಾಯಿ ಮುಚ್ಚಿಕೊಂಡರೆ ಜೆಟ್ ಹೋಗುತ್ತದೆ, ತೆರೆದರೆ ತಾನೇ ಒಳಗೆ ಹೋಗಬೇಕು. ಕಾಲುಗಳು ಅವನನ್ನು ಕೇಳದೆಯೇ ಎರಡು ಹೆಜ್ಜೆ ಮುಂದಿಟ್ಟವು.

"ಸಾರ್... ಅದು ನಂದು."

"ಏನು ನಿಂದು?"

"ಮೇಲಿರೋದು. ಬಾಂಬಲ್ಲ ಸಾರ್, ಆಟದ ವಿಮಾನ. ನಾನೇ ಕಟ್ಟಿದ್ದು."

"ಪಾಪ, ಭಯಕ್ಕೆ ಏನೇನೋ ಮಾತಾಡ್ತಿದಾರೆ" ಎಂದು ಮೇಷ್ಟ್ರು ಮೆಲ್ಲಗೆ ಗುಂಪಿನೊಳಗೆ ಕರಗಿದರು.

ಹಲ್ಲಪ್ಪ ಚೀಲದಿಂದ ರಿಮೋಟು ತೆಗೆದು ಬಲಗಡೆಯ ಕಡ್ಡಿ ಅಲುಗಿಸಿದ. ಮೇಲೆ ಕಂಬಿಯ ಸಂದಿನಲ್ಲಿ ಬಿಳಿಯ ಬಾಲವೊಂದು ಆಚೆಗೊಮ್ಮೆ ಈಚೆಗೊಮ್ಮೆ ಆಡಿತು. ಜನ ಹತ್ತು ಹೆಜ್ಜೆ ಹಿಂದೆ ಸರಿದರು. ಇನ್ಸ್‌ಪೆಕ್ಟರ್ ಹಲ್ಲಪ್ಪನ ಕುತ್ತಿಗೆಪಟ್ಟಿಗೆ ಕೈ ಹಾಕಿ ರಿಮೋಟು ಕಿತ್ತುಕೊಂಡರು.

"ನಿಂದೇನಾ? ಹಾಗಾದ್ರೆ ನೀನೇ ಹತ್ತು, ನೀನೇ ಇಳಿಸು."

"ಹತ್ತೀನಿ ಸಾರ್. ಒಂದೇ ಒಂದು ಕೇಳ್ಕೋತೀನಿ, ಆ ಎಡಗಡೆ ಕಡ್ಡಿ ಮಾತ್ರ ಮುಟ್ಬೇಡಿ."

ಕಬ್ಬಿಣದ ಏಣಿಗೆ ಎಂಬತ್ತಾರು ಮೆಟ್ಟಿಲು. ಮನೆಯ ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಹೆಂಡತಿ ಹಿಡಿದುಕೊಳ್ಳಬೇಕು, ಅಂಥ ಮನುಷ್ಯ ಹಲ್ಲಪ್ಪ. ಮೂವತ್ತನೆಯ ಮೆಟ್ಟಿಲಲ್ಲಿ ಕೆಳಗೆ ನೋಡುವುದನ್ನು ಬಿಟ್ಟ. ಐವತ್ತರಲ್ಲಿ ಗಾಳಿ ಅಂಗಿಯೊಳಗೆ ಹೊಕ್ಕಿತು. ಎಪ್ಪತ್ತರ ಮೇಲೆ ಕಣ್ಣು ಮುಚ್ಚಿಕೊಂಡೇ ಹತ್ತಿದ. ಕೊನೆಗೆ ತಾರಸಿಯ ಮೇಲೆ ತೆವಳುತ್ತ ಸಾಗಿ ಜೆಟ್ಟಿನ ಬಾಲಕ್ಕೆ ಕೈ ಚಾಚಿದ.

ಫ್ಯಾನು ಕಿವಿಯ ಪಕ್ಕದಲ್ಲೇ ಚೀರಿತು. ಜೀವ ಬಾಯಿಗೆ ಬಂದು, ಅವನು ಎರಡೂ ಕೈಯಲ್ಲಿ ಕಂಬಿಯನ್ನು ತಬ್ಬಿದ. ಕೆಳಗಿಣುಕಿದರೆ, ಇನ್ಸ್‌ಪೆಕ್ಟರ್ ಎಡಗಡೆಯ ಕಡ್ಡಿಯನ್ನು ಮೇಲೆ ಕೆಳಗೆ ಮಾಡಿ ಮಾಡಿ ನೋಡುತ್ತಿದ್ದರು. ಮೀಸೆಯ ಕೆಳಗೆ ಏನೋ ಬಿಳುಪು ಹೊಳೆಯುತ್ತಿತ್ತು. ಹಲ್ಲಪ್ಪ ಹಲ್ಲಿನ ಮನುಷ್ಯ. ಅಷ್ಟೆತ್ತರದಿಂದಲೂ ಅದು ನಗುವೆಂದು ಅವನಿಗೆ ತಿಳಿಯಿತು. ಬ್ಯಾಟರಿಯ ತಂತಿ ಕಿತ್ತು, ಜೆಟ್ಟನ್ನು ಅಂಗಿಯಿಂದ ಬೆನ್ನಿಗೆ ಕಟ್ಟಿಕೊಂಡು, ಬನಿಯನ್ನಿನಲ್ಲಿ ಕೆಳಗಿಳಿದ.

ಇನ್ಸ್‌ಪೆಕ್ಟರ್ ಜೆಟ್ಟನ್ನು ಜೀಪಿನ ಮೇಲಿಟ್ಟು, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ರೆಕ್ಕೆ ಸವರಿದರು. ಗುಮ್ಮಟದ ಮೇಲೆ ಬೆರಳಿಂದ ಟಕ್ ಟಕ್ ಎನಿಸಿದರು.

"ಇದನ್ನ ನೀವೇ ಮಾಡಿದ್ದಾ? ಕೈಯಿಂದ?"

ನೀನು ಹೋಗಿ ನೀವು ಆದದ್ದನ್ನು ಹಲ್ಲಪ್ಪ ಗಮನಿಸಿದ. "ಹೌದು ಸಾರ್."

"ಎಂಥಾ ಕೆಲ್ಸಾರೀ! ನಾನು ಪೈಲಟ್ ಆಗ್ಬೇಕು ಅಂತ ಎರಡು ಸಲ ಪರೀಕ್ಷೆ ಕಟ್ಟಿದ್ದೆ." ಅವರು ಬಾಂಬ್ ದಳಕ್ಕೆ ಫೋನ್ ಮಾಡಿ ವಾಪಸು ಕಳಿಸಿದರು. ಕಾವಲುಗಾರ ಬರೆದುಕೊಟ್ಟಿದ್ದ ದೂರನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. "ಏನೂ ಹೆದರ್ಬೇಡಿ. ಎಲ್ಲಿ, ಒಂದ್ಸಲ ಹಾರಿಸಿ ತೋರಿಸಿ."

ಹಲ್ಲಪ್ಪ ರಿಮೋಟು ವಾಪಸು ಪಡೆದು, ಚೀಲದಲ್ಲಿದ್ದ ಇನ್ನೊಂದು ಬ್ಯಾಟರಿ ಸಿಕ್ಕಿಸಿ, ಈ ಸಲ ಕಡ್ಡಿಯನ್ನು ಪೂರಾ ಕೆಳಗಿಟ್ಟು ಹೊಸದಾಗಿ ನಂಟು ಹಚ್ಚಿದ. ಎಲ್ಲರೂ ಮೈದಾನಕ್ಕೆ ಬಂದರು. ಈ ಸಲ ಜೆಟ್ ಇಳಿಯಲೂ ಇಲ್ಲ, ವಾಲಲೂ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಸೌಟು ಹಿಡಿದಿದ್ದ ಹೆಂಡತಿ ಪಕ್ಕದವರಿಗೆ, "ನಮ್ಮನೆಯವ್ರೇ ಮಾಡಿದ್ದು" ಎನ್ನುವುದು ಅವನ ಕಿವಿಗೆ ಬಿತ್ತು. ಹೊಲಿಗೆ ಮಿಷನ್ನು ಆ ಕೋಣೆಯಿಂದ ಹತ್ತು ಹರದಾರಿ ದೂರ ಹೋಯಿತು.

"ಒಂಚೂರು ಕೊಡ್ರೀ ಇಲ್ಲಿ" ಎಂದರು ಇನ್ಸ್‌ಪೆಕ್ಟರ್.

"ಸಾರ್, ಅದು ಸ್ವಲ್ಪ ಅಭ್ಯಾಸ..."

"ಕೊಡ್ರೀ, ಜೀಪೇ ಓಡಿಸ್ತೀನಿ, ಇದ್ಯಾವ ಮಹಾ!"

ದೂರು ಹರಿದುಹಾಕಿದವರಿಗೆ ಇಲ್ಲ ಎನ್ನುವುದು ಹೇಗೆ? ಹಲ್ಲಪ್ಪ ಕೊಟ್ಟ. ಇನ್ಸ್‌ಪೆಕ್ಟರ್ ಎಡಗಡೆಯ ಕಡ್ಡಿಯನ್ನು ತುದಿಯವರೆಗೆ ನೂಕಿದರು. ಜೆಟ್ ಬಾಣದ ಹಾಗೆ ಮನೆಗಳ ಮೇಲೆ ಹಾದು, ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಗಿ ಹೋಯಿತು.

"ಎಳೀರಿ ಸಾರ್! ಎಡಗಡೇದು ಕೆಳಗೆ ಎಳೀರಿ!"

"ಯಾವ ಎಡಗಡೆ? ನಂದೋ, ವಿಮಾನದ್ದೋ?"

ದೂರದಲ್ಲಿ ಎಲ್ಲೋ ಗಾಜು ಒಡೆದ ಸದ್ದು ಸಣ್ಣಗೆ ಕೇಳಿಸಿತು. ಎರಡೇ ನಿಮಿಷಕ್ಕೆ ಇನ್ಸ್‌ಪೆಕ್ಟರರ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಮೇಲಧಿಕಾರಿಯ ಹೆಸರು ನೋಡಿದ್ದೇ ತಡ, ಅವರ ಹಿಮ್ಮಡಿಗಳು ತಾವಾಗಿಯೇ ಕೂಡಿದವು.

"ನಮಸ್ಕಾರ ಸರ್... ವಿಮಾನಾನಾ ಸರ್?... ತಮ್ಮ ಹೊಸಾ ಕಾರಿಗಾ?... ಹಿಂದಿನ ಗಾಜು ಪೂರ್ತಿನಾ ಸರ್?... ಈಗ ಸೀಟಿನ ಮೇಲಿದೆಯಾ?"

ಮಾತಾಡುತ್ತಲೇ ಅವರು ಒಂದು ಹೆಜ್ಜೆ ಹಲ್ಲಪ್ಪನ ಕಡೆಗೆ ಸರಿದರು. ತಣ್ಣಗಿನದೇನೋ ತನ್ನ ಅಂಗೈಗೆ ತಗಲಿದಂತಾಗಿ ಹಲ್ಲಪ್ಪ ಕೆಳಗೆ ನೋಡಿದ. ರಿಮೋಟು ಅವನ ಕೈಯಲ್ಲಿತ್ತು.

"ಇಲ್ಲ ಸರ್, ತಪ್ಪಿಸ್ಕೊಳ್ಳೋ ಮಾತೇ ಇಲ್ಲ" ಎನ್ನುತ್ತಿದ್ದರು ಇನ್ಸ್‌ಪೆಕ್ಟರ್, ಎದೆಯುಬ್ಬಿಸಿ. "ಆಗಲೇ ಹಿಡಿದಾಯ್ತು ಸರ್. ರಿಮೋಟ್ ಸಮೇತ ನನ್ನ ಎದುರಿಗೇ ನಿಂತಿದ್ದಾನೆ."