ಅಕ್ಕನ ತಲೆನೋವಿಗೆ ಯಾರ ಕಣ್ಣು?

ತಲೆನೋವು ಅಂತ ಡಾಕ್ಟರ ಮುಂದೆ ಕೂತರೆ ಅವರು ಕೇಳೋದೊಂದು, ನಮ್ಮ ಕಡೆಯವರಿಗೆ ಕೇಳಿಸೋದು ಇನ್ನೊಂದು. ಇದು ದಿನಾ ನಡೆಯೋದೇ. ನಮ್ಮಕ್ಕನ ವಿಷಯದಲ್ಲಿ ಮಾತ್ರ ಅದರಿಂದ ಒಂದು ಒಳ್ಳೆ ಹಸು ಹೋಯಿತು.

ನಾನು ಚಿಕ್ಕವನಿದ್ದಾಗಲೇ ಸ್ಕೂಲು ಬಿಟ್ಟು, ಆಲೆಮನೆ, ಲಾರಿ, ಗಾರೆ ಕೆಲಸ ಅಂತ ಊರೂರು ಸುತ್ತಿದವನು. ಎಲ್ಲಿ ಯಾವ ಡಾಕ್ಟರಿದ್ದಾರೆ ಅಂತ ಗೊತ್ತಿತ್ತಲ್ಲ, ಅಕ್ಕಿಹೆಬ್ಬಾಳಿನಿಂದ ಅಕ್ಕನನ್ನು ಹೊರಡಿಸಿದೆ.

ಒಂದೇ ಕಡೆನಾ?

ಕೆ.ಆರ್. ಪೇಟೆ ಡಾಕ್ಟರು ಕೇಳಿದರು: "ನೋವು ಒಂದೇ ಕಡೆ ಬರುತ್ತಾ ಅಮ್ಮ, ಎಲ್ಲಾ ಕಡೆನೂ ಬರುತ್ತಾ?"

"ಎಲ್ಲಾ ಕಡೆನೂ ಬತ್ತದೆ ಸಾ. ಮನೇಲೂ ಬತ್ತದೆ, ಗದ್ದೇಲೂ ಬತ್ತದೆ. ಮೊನ್ನೆ ಬೀಗರ ಮನೆಗೋದ್ರೆ ಅಲ್ಲಿಗೂ ಬಂದ್ಬುಡ್ತು!"

ಬೆಳಕು

ನಾಗಮಂಗಲದ ಡಾಕ್ಟರು ಬಿಪಿ ನೋಡಿದರು, ಹಣೆ, ಕೆನ್ನೆ ಒತ್ತಿ ನೋಡಿದರು. ಏನೂ ಸಿಗಲಿಲ್ಲ.

"ಬೆಳಕಂದ್ರೆ ಆಗಲ್ವಾ?"

"ಬೆಳಕಾದ್ರೆ ಹಾಲು ಕರೀಬೇಕು, ಸಗಣಿ ಬಾಚ್ಬೇಕು. ಯಾರ್ಗಾಯ್ತದೆ ಸಾ?"

"ನಂಗೂ ಆಗಲ್ಲ ಬಿಡಮ್ಮ" ಅಂತ ಮಾತ್ರೆ ಬರೆದುಕೊಟ್ಟರು.

ದೃಷ್ಟಿ

ಪಾಂಡವಪುರದ ಡಾಕ್ಟರು ನಿಧಾನಸ್ಥರು. ನೋವು ಯಾವಾಗ ಜಾಸ್ತಿಯಾಗುತ್ತೆ ಅಂತ ಕೇಳಿದರು. "ಅಕ್ಕಿ ಆರ್ಸಕ್ಕೆ ಕೂತಾಗ ಸಾ, ಟಿವಿ ನೋಡ್ವಾಗ."

"ದೃಷ್ಟಿ ದೋಷ ಇರಬೇಕು. ತಡ ಮಾಡಬೇಡಿ."

ಅವರು ಮುಂದೆ ಹೇಳಿದ್ದು ನಮ್ಮಿಬ್ಬರ ಕಿವಿಗೂ ಬೀಳಲಿಲ್ಲ. "ನೋಡ್ಲಾ, ಡಾಕ್ಟ್ರೇ ಒಪ್ಕಂಡ್ರು!" ನಾನು ಯಾವೂರಿಂದ ಬಂದರೂ ಹೊಸಿಲಲ್ಲೇ ನಿಲ್ಲಿಸಿ, "ನನ್ ತಮ್ಮನ ಮಕ ನೋಡಿ ಊರೋರೆಲ್ಲಾ ಕಣ್ಣಾಕ್ಬುಡ್ತಾರೆ" ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸುವವಳು ಅವಳು. ನನಗೂ ದೃಷ್ಟಿ ಅಂದರೆ ಅದೇ. ತಲೆಯಾಡಿಸಿದೆ.

ಮನೆಗೆ ಬಂದು ಮೆಣಸಿನಕಾಯಿ ಒಲೆಗೆ ಹಾಕಿದಳು. ಎಲ್ಲರೂ ಕೆಮ್ಮಿ ಬೀದಿಗೆ ಓಡಿದೆವು. ಅಕ್ಕನೂ ಕೆಮ್ಮುತ್ತಲೇ ಹೇಳಿದಳು: "ಗಾಟೇ ಬರ್ನಿಲ್ಲ ಕಣ್ಲಾ, ದೃಷ್ಟಿ ಜೋರಾಗೈತೆ!"

ಆದರೂ ನೋವು ನಿಲ್ಲಲಿಲ್ಲ. ನಮ್ಮ ಹಸು ಗೌರಿಯ ಕೆಚ್ಚಲಿನ ಮೇಲೆ ಬಿದ್ದ ಕಣ್ಣೇ ತನ್ನ ತಲೆಗೆ ಬಂದಿದೆ ಅಂತ ಅಕ್ಕ ತೀರ್ಮಾನಿಸಿದಳು. ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದವನು ನಾನೇ. ಹಗ್ಗ ಬೇರೆಯವರ ಕೈಗೆ ಕೊಟ್ಟಾಗ ಅದು ತಿರುಗಿ ನೋಡಿತು. ಅದನ್ನು ನೆನೆದರೆ ಈಗಲೂ ಅನ್ನ ಸೇರಲ್ಲ.

ಯಾರದು?

ಮತ್ತೆ ಪಾಂಡವಪುರಕ್ಕೆ ಹೋದೆವು.

"ಏನಮ್ಮ, ದೃಷ್ಟಿಗೆ ಏನು ಮಾಡಿದ್ರಿ?"

"ಎಲ್ಲಾ ಮಾಡುದ್ವಿ ಸಾ. ಹಸೂನೂ ಮಾರ್ಬುಟ್ವಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಣ್ಣು ಕಣಮ್ಮ, ಕಣ್ಣು!"

"ಅದೇ ಸಾ. ಯಾರ ಕಣ್ಣು ಅಂತ ನೀವೇ ಏಳ್ಬುಡಿ."

"ನಿಮ್ಮದೇ!"

"ಅಯ್ಯೋ, ನನ್ ಹಸೂಗೆ ನಾನೇ ಕಣ್ಣಾಕ್ಬುಟ್ನಾ!"

ಕನ್ನಡಕ

ಅವರೇ ಚೀಟಿ ಬರೆದು ಶ್ರೀರಂಗಪಟ್ಟಣಕ್ಕೆ ಕಳಿಸಿದರು. ಅಲ್ಲಿನ ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿ ಕನ್ನಡಕ ಕೊಡಿಸಿದರು. ಕೆಲವೇ ದಿನಕ್ಕೆ ನೋವು ಹೋಯಿತು. ಹಾಲು ಕರೆಯೋಕೆ ತಲೆ ಸರಿಯಾಯಿತು, ಕೊಟ್ಟಿಗೆ ಖಾಲಿ. ಗೌರಿಯನ್ನು ಕೊಂಡವರನ್ನು ಹುಡುಕಿಕೊಂಡು ಸಂತೆ ಸಂತೆ ಸುತ್ತಿದೆ, ಸಿಗಲಿಲ್ಲ.

ಬರಿಗೈಲಿ ಬಂದು ಹೊಸಿಲಲ್ಲಿ ನಿಂತೆ. ಅಕ್ಕ ಎಂದಿನಂತೆ ಮೆಣಸಿನಕಾಯಿ ಹಿಡಿದು ಬಂದವಳು, ಕನ್ನಡಕ ಸರಿಮಾಡಿಕೊಂಡು, ನನ್ನ ನೆರೆತ ಗಡ್ಡ, ಬತ್ತಿದ ಕೆನ್ನೆ, ಉದುರಿದ ಹಲ್ಲು ಎಲ್ಲಾ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ಮೆಣಸಿನಕಾಯಿ ವಾಪಸು ಡಬ್ಬಿಗೆ ಹಾಕಿದಳು.

"ಥೂ, ಇಷ್ಟು ವರ್ಸ ಈ ಮಕಕ್ಕೇನ್ಲಾ ನಾನು ಮೆಣಸಿನಕಾಯಿ ಸುಟ್ಟಿದ್ದು?"