ಬಾರದವರಿಗೆ ಪಟ್ಟ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ತಟ್ಟೆ ಹಸಿ ಮೀನು.

ಮಾತ್ಸುಯೆ ಊರಿನ ತಾಂತ್ರಿಕ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಿಶಿಗೋರಿ ಅದನ್ನು ತಿಂದದ್ದು ಮಗಳು ಒಂದನೇ ತರಗತಿಗೆ ಸೇರಿದ ವರ್ಷ. ಮರುದಿನ ಭೌತವಿಜ್ಞಾನ ಸಂಘದ ಸ್ಥಳೀಯ ಶಾಖೆಯ ವಾರ್ಷಿಕ ಸಭೆ. ನಿಶಿಗೋರಿ ಹೊಟ್ಟೆ ಹಿಡಿದುಕೊಂಡು ಮನೆಯಲ್ಲೇ ಉಳಿದ. ಸಂಜೆ ಫೋನು ಬಂತು. "ಅಭಿನಂದನೆ ನಿಶಿಗೋರಿಯವರೇ, ಸರ್ವಾನುಮತದಿಂದ ನೀವೇ ಕಾರ್ಯದರ್ಶಿ!"

ಆ ಶಾಖೆಯ ಸಂಪ್ರದಾಯವೇ ಹಾಗೆ. ಸಭೆಗೆ ಯಾರು ಬರುವುದಿಲ್ಲವೋ ಅವರ ತಲೆಗೆ ಪಟ್ಟ. ಎಲ್ಲರೂ ಬಂದುಬಿಟ್ಟರೆ ಹಳಬನೇ ಮುಂದುವರಿಯಬೇಕು. ಈ ನಿಯಮವನ್ನು ಎಲ್ಲೂ ಬರೆದಿಲ್ಲ. ಬಿದ್ದೇ ಬೀಳಬೇಕೆಂದು ತೆಂಗಿನಕಾಯಿಯ ಮೇಲೂ ಯಾರೂ ಬರೆದಿಲ್ಲ. ಹೀಗಾಗಿ ಸದಸ್ಯರು ಜ್ವರ ಬಂದರೆ ಕಂಬಳಿ ಹೊದ್ದು ಬರುತ್ತಿದ್ದರು, ಕಾಲು ಮುರಿದರೆ ಕುಂಟಿಕೊಂಡು ಬರುತ್ತಿದ್ದರು. ಒಬ್ಬರಂತೂ ಮಗಳ ಮದುವೆಯನ್ನು ಅರ್ಧಕ್ಕೆ ಬಿಟ್ಟು, ಕೋಟಿಗೆ ಸಿಕ್ಕಿಸಿದ ಹೂವಿನ ಸಮೇತ ಓಡಿ ಬಂದಿದ್ದರು. ಭೌತವಿಜ್ಞಾನದ ಮೇಲೆ ಇಂಥ ಪ್ರೀತಿ ಇಡೀ ದೇಶದಲ್ಲಿ ಬೇರೆಲ್ಲೂ ಇಲ್ಲವೆಂದು ಟೋಕಿಯೋದ ಕೇಂದ್ರ ಕಚೇರಿ ಹೊಗಳುತ್ತಿತ್ತು. ಒಂದನೇ ತರಗತಿಯ ಮಗಳು ಹೈಸ್ಕೂಲು ಮುಗಿಸುತ್ತ ಬಂದಳು; ನಿಶಿಗೋರಿಗೆ ಬಿಡುಗಡೆಯಾಗಲಿಲ್ಲ.

ಕೆಲಸವಾದರೂ ಎಂಥದ್ದು? ಉಪನ್ಯಾಸ ಏರ್ಪಡಿಸಬೇಕು, ಕುರ್ಚಿ ಹಾಕಬೇಕು. ಕೇಳುವವರು ಬಾರದಿದ್ದರೆ ಮುಂದಿನ ಸಾಲಿನಲ್ಲಿ ತಾನೇ ಕೂತು ತಲೆಯಾಡಿಸಬೇಕು, ಕೊನೆಯಲ್ಲಿ ಪ್ರಶ್ನೆಯನ್ನೂ ತಾನೇ ಕೇಳಿ ವಂದನಾರ್ಪಣೆಯನ್ನೂ ತಾನೇ ಮಾಡಬೇಕು. ಸಾಲದ್ದಕ್ಕೆ ಕೊವಾತಾ ಅಜ್ಜನ ಕಾಟ. ತೋಫು ಅಂಗಡಿಯನ್ನು ಸೊಸೆಗೆ ಬಿಟ್ಟುಕೊಟ್ಟ ಮೇಲೆ ಹೊತ್ತು ಹೋಗದೆ ಈತ ಇಂಧನವಿಲ್ಲದೆ ಎಂದೆಂದಿಗೂ ತಿರುಗುವ ಯಂತ್ರವೊಂದನ್ನು ಕಟ್ಟಿದ್ದ. ಸಂಘ ಅದನ್ನು ಒಪ್ಪಬೇಕೆಂದು ವಾರವಾರವೂ ಫೋನು. ಅಂಥದ್ದು ಸಾಧ್ಯವಿಲ್ಲವೆಂದು ನಿಶಿಗೋರಿ ಪ್ರತಿ ವಾರವೂ ವಿವರಿಸುತ್ತಿದ್ದ. ಆ ಸಂಭಾಷಣೆಯೊಂದು ಮಾತ್ರ ಇಂಧನವಿಲ್ಲದೆ ವರ್ಷಗಟ್ಟಲೆ ತಿರುಗುತ್ತಿತ್ತು.

ಈ ವರ್ಷದ ಸಭೆ ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಎರಡಕ್ಕೆ, ನದಿಯ ಉತ್ತರ ದಡದ ಸಮುದಾಯ ಭವನದಲ್ಲಿ. ಬೆಳಿಗ್ಗೆ ಊಟದ ಮೇಜಿನ ಮುಂದೆ ನಿಶಿಗೋರಿ ಸಾರಿನೊಳಗಿನ ಕಪ್ಪೆಚಿಪ್ಪುಗಳನ್ನು ಎಣಿಸುವವನಂತೆ ತಲೆ ತಗ್ಗಿಸಿ ಕೂತಿದ್ದ.

"ರೀ, ಇವತ್ತಾದ್ರೂ ಬಿಡುಗಡೆ ಆಗುತ್ತಾ?" ಎಂದಳು ಹೆಂಡತಿ ಸನಾಯೆ.

"ಎಲ್ಲಿ ಬಂತು? ಎಲ್ರೂ ಬಂದೇ ಬರ್ತಾರೆ. ಯೊನೆಹಾರಾ ಗುರುಗಳೇ ಊರುಗೋಲು ಹಿಡ್ಕೊಂಡು ಬರ್ತಾರಂತೆ. ತಪ್ಪಿಸ್ಕೊಳ್ಳೋರು ಯಾರಿದ್ದಾರೆ?"

"ಯಾರೂ ತಪ್ಪಿಸ್ಕೊಳ್ಳದಿದ್ರೆ ನೀವೇ ಒಬ್ರನ್ನ ತಪ್ಪಿಸಿ."

"ಛೆ, ಛೆ! ಅದು ಮೋಸ ಅಲ್ವೇನೇ?"

"ಆ ಇತೊಹಾರಾ ಪ್ರೊಫೆಸರು ಹೋದ ವರ್ಷದ ಸಭೇಲಿ ನಿಮ್ಮ ಛತ್ರಿ ಎತ್ಕೊಂಡು ಹೋದ್ರಲ್ಲ, ವಾಪಸ್ ಕೊಟ್ರಾ? ಅದು ಮೋಸ ಅಲ್ವಾ?"

ಛತ್ರಿಯ ಮಾತು ನಿಶಿಗೋರಿಯ ಮನಸ್ಸಾಕ್ಷಿಯನ್ನು ಮಡಚಿ ಮೂಲೆಗಿಟ್ಟಿತು. ಅವನು ಫೋನೆತ್ತಿ, ಬೆವರುತ್ತ, ಬದುಕಿನ ಮೊದಲ ದೊಡ್ಡ ಸುಳ್ಳು ಹೇಳಿದ. "ಇತೊಹಾರಾ ಸಾರ್, ಸಮುದಾಯ ಭವನದ ಹೀಟರ್ ಕೆಟ್ಟೋಗಿದೆ. ಸಭೆ ದಕ್ಷಿಣ ದಡಕ್ಕೆ ಹಾಕಿದ್ದೀವಿ. ದೇವಾಲಯದ ಬೀದಿ ಕೊನೇಲಿ ಮೆಟ್ಟಿಲಿರೋ ದೇವಾಲಯ ಇದೆಯಲ್ಲ, ಅಲ್ಲಿ."

"ಓ, ಹೌದಾ? ಒಳ್ಳೇದಾಯ್ತು, ಒಳ್ಳೇದಾಯ್ತು. ಬೇರೆಯವರಿಗೆ ಹೇಳಿದ್ರಾ?"

"ಇಲ್ಲ, ಇನ್ನೂ... ಹೇಳ್ತೀನಿ."

"ನೀವ್ಯಾಕೆ ತೊಂದರೆ ತಗೋತೀರಿ? ನಾನು ಹೇಳ್ತೀನಿ ಬಿಡಿ," ಎಂದು ಇತೊಹಾರಾ ಫೋನಿಟ್ಟರು.

ಇತೊಹಾರಾ ಜೀವಮಾನದಲ್ಲಿ ಯಾರಿಗೂ ಉಪಕಾರ ಮಾಡಿದವರಲ್ಲ. ಅಂದೂ ಮಾಡಲಿಲ್ಲ. ಶಾಖೆಯಲ್ಲಿ ಹದಿಮೂರು ಜನ. ಅದರಲ್ಲಿ ತಮಗೆ ಬೇಕಾದವರಿಗೆ ಮಾತ್ರ ಹೊಸ ಜಾಗ ತಿಳಿಸಿ, ಆಗದವರನ್ನೆಲ್ಲ ಹಾಗೇ ಬಿಟ್ಟರು. ಮುಖ್ಯವಾಗಿ, ತಮ್ಮ ಲೇಖನದಲ್ಲಿ ತಪ್ಪು ಹುಡುಕಿದ್ದ ಕಡೊವಾಕಿ ಮೇಡಂ ತಣ್ಣಗಿನ ಭವನದಲ್ಲಿ ಸುಮ್ಮನೆ ಕೂತು ಕಾರ್ಯದರ್ಶಿಯಾಗಲಿ ಎಂಬುದು ಅವರ ಆಸೆ.

ಎರಡಕ್ಕೆ ಸ್ವಲ್ಪ ಮೊದಲು ನಿಶಿಗೋರಿ ಸೈಕಲ್ ತುಳಿದು ಭವನ ತಲುಪಿದಾಗ ಹೀಟರ್ ಚೆನ್ನಾಗಿ ಉರಿಯುತ್ತಿತ್ತು. ಒಳಗೆ ಕಡೊವಾಕಿ ಮೇಡಂ ಸೇರಿ ಆರೇ ಜನ. ಇತೊಹಾರಾ ಇಲ್ಲ! ನಿಶಿಗೋರಿಗೆ ಕುಣಿಯಬೇಕೆನಿಸಿತು. ಆಮೇಲೆ ಎಣಿಸಿದ. ಇತೊಹಾರಾ ಮಾತ್ರ ಅಲ್ಲ, ಇನ್ನೂ ಐದು ಜನ ಇಲ್ಲ. ಎಂಬತ್ತು ದಾಟಿದ ಯೊನೆಹಾರಾ ಗುರುಗಳೂ ಇಲ್ಲ. ಆ ದೇವಾಲಯದ ಕಡಿದಾದ ಕಲ್ಲುಮೆಟ್ಟಿಲು, ಗುರುಗಳ ನಡುಗುವ ಮೊಣಕಾಲು ಎರಡೂ ಒಟ್ಟಿಗೇ ಕಣ್ಣ ಮುಂದೆ ಬಂದವು. ಒಂದು ಇಲಿಗೆಂದು ಬೋನು ಇಟ್ಟರೆ ಅರ್ಧ ಊರೇ ಒಳಗೆ ಹೋಗಿ ಕೂತಿತ್ತು.

"ಸಾರ್, ಶುರು ಮಾಡೋಣ," ಎಂದರು ಕಡೊವಾಕಿ ಮೇಡಂ ಹುರುಪಿನಿಂದ. "ಮೂರರಲ್ಲೊಂದು ಪಾಲು ಜನ ಇದ್ರೆ ಸಭೆ ಸಿಂಧು. ಬಾರದವರು ಆರು ಜನ. ಚೀಟಿ ಎತ್ತಿಬಿಡೋಣ."

"ಗುರುಗಳ ಹೆಸರು ಬಂದ್ರೆ? ಈ ವಯಸ್ಸಲ್ಲಿ ಅವರು ಕುರ್ಚಿ ಹೊರಬೇಕಾ? ಸ್ವಲ್ಪ ತಡೀರಿ ಮೇಡಂ, ಸೇತುವೆ ದಾಟಿ ಹೋಗಿ ಎಲ್ರನ್ನೂ ಕರ್ಕೊಂಡು ಬರ್ತೀನಿ."

"ತಡಿಯೋಕೆ ಆಗಲ್ಲ. ಹೊರಗೆ ನೋಡಿ."

ಬಾಗಿಲಲ್ಲಿ, ಎಲೆಯ ಲಂಗ ತೊಟ್ಟು ಕೊರಳಿಗೆ ಪ್ಲಾಸ್ಟಿಕ್ ಹೂಮಾಲೆ ಹಾಕಿದ ಹಿರಿಯ ಹೆಂಗಸರ ಹವಾಯಿ ನೃತ್ಯದ ತಂಡ ಸಾಲಾಗಿ ನಿಂತಿತ್ತು. "ನಮ್ಮ ತಾಲೀಮಿಗೆ ಹೊತ್ತಾಯ್ತು ಮಾರಾಯ್ರೇ," ಎಂದಳು ಮುಂದಿನವಳು. "ಈ ಲಂಗದಲ್ಲಿ ಕಾಲು ಮರಗಟ್ತಾ ಇದೆ. ನಿಮ್ಮ ವಿಜ್ಞಾನ ಬೇಗ ಮುಗಿಸಿ!"

"ಹೋದ್ರೆ ನೀವೂ ಗೈರುಹಾಜರಿ ಲೆಕ್ಕಕ್ಕೇ ಸಾರ್," ಎಂದು ಕಡೊವಾಕಿ ಮೇಡಂ ಕೂಗಿದ್ದು ಮೆಟ್ಟಿಲಿಳಿಯುತ್ತಿದ್ದ ನಿಶಿಗೋರಿಗೆ ಅರ್ಧ ಮಾತ್ರ ಕೇಳಿಸಿತು.

ಹೊರಗೆ ಹಿಮ ಬೆರೆತ ಮಳೆ ಹನಿಯುತ್ತಿತ್ತು. ಸೈಕಲ್ಲಿನ ಹಿಂದಿನ ಚಕ್ರ ಪಂಕ್ಚರ್. ಅಷ್ಟರಲ್ಲಿ ಸಣ್ಣ ಟ್ರಕ್ಕೊಂದು ಗುರ್ ಎಂದು ಬಂದು ನಿಂತಿತು. ಕಿಟಕಿಯಿಂದ ಇಣುಕಿದ ಮುಖ ಕೊವಾತಾ ಅಜ್ಜನದು.

"ಮೇಷ್ಟ್ರೇ! ಯಂತ್ರ ತಂದಿದ್ದೀನಿ. ಇವತ್ತು ಎಲ್ಲಾ ವಿಜ್ಞಾನಿಗಳೂ ಒಂದೇ ಕಡೆ ಸಿಕ್ತಾರಲ್ಲ, ತೋರಿಸಿಬಿಡೋಣ."

"ಅಜ್ಜ, ಅವರು ಎರಡು ಕಡೆ ಆಗಿಬಿಟ್ಟಿದ್ದಾರೆ. ಅರ್ಜೆಂಟಾಗಿ ದಕ್ಷಿಣ ದಡಕ್ಕೆ ಬಿಡ್ತೀರಾ?"

"ಹತ್ತಿ ಮತ್ತೆ!"

ಟ್ರಕ್ಕು ಹೊರಟಿತು. ಹಿಂದೆ ಹಗ್ಗದಿಂದ ಬಿಗಿದ ಯಂತ್ರ ಮುರಿದ ತೊಟ್ಟಿಲಿನಂತೆ ಕಿರ್ರೋ ಎನ್ನುತ್ತಿತ್ತು. "ನೀವು ಓದಿದವರಿಗೆ ಇಂಧನ ಇಂಧನ ಅನ್ನೋ ಭ್ರಮೆ," ಎಂದು ಅಜ್ಜ ಶುರುಮಾಡಿದ. "ಚಲಿಸೋ ಮನಸ್ಸಿದ್ರೆ ವಸ್ತು ತಾನಾಗೇ..."

ಸೇತುವೆಯ ನಡುಮಧ್ಯದಲ್ಲಿ ಟ್ರಕ್ಕು ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು.

"ಏನಾಯ್ತು ಅಜ್ಜ?"

ಅಜ್ಜ ಮೀಟರಿನ ಮುಳ್ಳು ನೋಡಿದ, ಆಕಾಶ ನೋಡಿದ. ನಂತರ ಬಲು ಮೆಲ್ಲಗೆ, "ಪೆಟ್ರೋಲ್ ಹಾಕ್ಸೋದು ಮರೆತಿದ್ದೆ," ಎಂದ.

ಹಿಂದೆ ವಾಹನಗಳ ಸಾಲು ಬೆಳೆಯಿತು. ಎಲ್ಲಿಂದಲೋ ಪೊಲೀಸಿನವನು ಬಂದ. "ಈ ಗಾಡೀಲಿ ಏನಿದೆ?" ಎಂದ.

"ಎಂದೆಂದಿಗೂ ನಿಲ್ಲದೆ ಚಲಿಸೋ ಯಂತ್ರ," ಎಂದ ಅಜ್ಜ ಹೆಮ್ಮೆಯಿಂದ.

ಪೊಲೀಸಿನವನು ನಿಂತ ಗಾಡಿಯನ್ನೂ ಅಜ್ಜನನ್ನೂ ನೋಡಿ, ಕೊನೆಗೆ ನಿಶಿಗೋರಿಯ ಕಡೆ ತಿರುಗಿದ. "ನೀವು ಯಾರು?"

"ಭೌತವಿಜ್ಞಾನ ಸಂಘದ ಕಾರ್ಯದರ್ಶಿ."

"ಸರಿಹೋಯ್ತು. ತಳ್ಳಿ."

ತಳ್ಳದೆ ಗತಿಯಿರಲಿಲ್ಲ. ಟ್ರಕ್ಕನ್ನು ಅಂಚಿಗೆ ಸರಿಸುವಷ್ಟರಲ್ಲಿ ನಿಶಿಗೋರಿಯ ಬೂಟಿನೊಳಗೆ ನೀರು, ಬೆನ್ನಲ್ಲಿ ಹಿಡಿತ. ಅಲ್ಲಿಂದ ಓಡುತ್ತ ದೇವಾಲಯದ ಬೀದಿ ಸೇರಿ, ಕಲ್ಲುಮೆಟ್ಟಿಲು ಏದುಸಿರಿನಲ್ಲಿ ಹತ್ತಿದ. ಮೇಲೆ ಗಂಟೆಯ ನಾದ, ಧೂಪದ ಪರಿಮಳ. ಒಳಗೆ ಇತೊಹಾರಾ, ಯೊನೆಹಾರಾ ಗುರುಗಳು, ಇನ್ನೂ ನಾಲ್ವರು ಮಂಡಿಯೂರಿ ಕೈಮುಗಿದು ಕೂತಿದ್ದರು. ವೃದ್ಧ ಅರ್ಚಕರು ಕಣ್ಣು ಮುಚ್ಚಿ ರಾಗವಾಗಿ ಪಠಿಸುತ್ತಿದ್ದರು. ನಡುವೆ "ನಿಶಿಗೋರಿ ಕನಾಮೆ" ಎಂಬ ತನ್ನದೇ ಪೂರ್ತಿ ಹೆಸರು ಸ್ಪಷ್ಟವಾಗಿ ಕೇಳಿಸಿತು.

"ಇದೇನ್ ಸಾರ್ ಇದು?" ಎಂದು ನಿಶಿಗೋರಿ ಬಾಗಿಲಲ್ಲೇ ಚೀರಿದ.

"ಶ್! ಚಳಿಗೆ ಒಳಗೆ ಬಂದು ಕೂತ್ವಿ. ಅರ್ಚಕರಿಗೆ ಕಿವಿ ಮಂದ, ಯಾರದೋ ತಿಥಿ ಅಂದ್ಕೊಂಡ್ರು," ಎಂದು ಇತೊಹಾರಾ ಪಿಸುಗುಟ್ಟಿದರು. "ನಾವು ಆಗ ತಾನೇ ಆಯ್ಕೆ ಮುಗಿಸಿದ್ವಿ. ಹೆಸರೇನು ಅಂತ ಕೇಳಿದ್ರು. ಆಯ್ಕೆ ಆದವರದು ಅಂದ್ಕೊಂಡು ನಿಮ್ಮದು ಹೇಳಿಬಿಟ್ಟೆ."

"ನನ್ನ ಆಯ್ಕೆ ಯಾಕೆ ಮಾಡಿದ್ರಿ?"

"ನೀವು ಬಂದಿರ್ಲಿಲ್ವಲ್ಲ. ನಿಮ್ಮ ಜೊತೆ ಇನ್ನೂ ಆರು ಜನ ಬಂದಿಲ್ಲ ನಿಜ, ನಾನು ಕಡೊವಾಕಿ ಹೆಸರೇ ಹೇಳಿದೆ, ಆದ್ರೆ ಅನುಭವ ಇರೋದು ನಿಮಗೇ ಅಂದ್ರು ಎಲ್ರೂ."

"ಈಗ ಬಂದಿದ್ದೀನಲ್ಲ!"

ಯೊನೆಹಾರಾ ಗುರುಗಳು ನಿಟ್ಟುಸಿರುಬಿಟ್ಟರು. "ಏನಪ್ಪಾ ನಿಶಿಗೋರಿ, ಗಂಟೆ ಹೊಡೆದಾಯ್ತಲ್ಲ." ಆಗಲೇ ಅರ್ಚಕರು ಕಣ್ಣು ತೆರೆದು, "ತೀರಿಹೋದವರು ನಿಮಗೇನಾಗಬೇಕು?" ಎಂದು ನಿಶಿಗೋರಿಯನ್ನೇ ವಿಚಾರಿಸಿದರು.

ನಿಶಿಗೋರಿ ಉತ್ತರಿಸಲು ನಿಲ್ಲಲಿಲ್ಲ. ನಿಜವಾದ ಸಭೆ ಭವನದ್ದು. ಅಲ್ಲಿ ಹೋಗಿ ಹಾಜರಿ ಹಾಕಿಸಿಕೊಂಡರೆ ಇಲ್ಲಿನ ಆಯ್ಕೆ ತಾನಾಗಿ ಬಿದ್ದುಹೋಗುತ್ತದೆ. ಹಾಗೆಂದುಕೊಂಡು ಮೆಟ್ಟಿಲಿಳಿದು ಓಡಿದ. ಅವನ ಹಿಂದೆಯೇ, ಏನೋ ಎಡವಟ್ಟಾಗಿದೆಯೆಂದು ಅನುಮಾನ ಬಂದ ಇತೊಹಾರಾ ಎಲ್ಲರನ್ನೂ ಎರಡು ಟ್ಯಾಕ್ಸಿಗೆ ತುಂಬಿಕೊಂಡು ಹೊರಟರು. ಸೇತುವೆಯ ಮೇಲೆ ಅವನನ್ನು ದಾಟಿಹೋಗುವಾಗ ಕೈಬೀಸಿದರು, ಹತ್ತಿಸಿಕೊಳ್ಳಲಿಲ್ಲ.

ಭವನದಲ್ಲಿ ಉಕುಲೆಲೆ ಎಂಬ ಪುಟ್ಟ ಗಿಟಾರಿನ ಸಂಗೀತ ಶುರುವಾಗಿತ್ತು. ಭೌತವಿಜ್ಞಾನಿಗಳನ್ನು ಮೊಗಸಾಲೆಗೆ ದಬ್ಬಲಾಗಿತ್ತು. ಒದ್ದೆಕೋಳಿಯಂತೆ ಒಳಬಂದ ನಿಶಿಗೋರಿಯನ್ನು ಕಂಡು ಎಲೆಯ ಲಂಗದವರೆಲ್ಲ ಚಪ್ಪಾಳೆ ತಟ್ಟಿದರು.

"ಅಭಿನಂದನೆ ಸಾರ್," ಎಂದರು ಕಡೊವಾಕಿ ಮೇಡಂ.

"ಯಾ... ಯಾಕೆ?"

"ಚೀಟಿ ಬರೆಯೋಕೆ ಹೊತ್ತಿರ್ಲಿಲ್ಲ. ಈ ಅಮ್ಮನೋರನ್ನೇ ಕೇಳಿದ್ವಿ, ಬಾರದವರಲ್ಲಿ ಯಾರನ್ನ ಮಾಡೋಣ ಅಂತ. ಈಗ ಮಳೇಲಿ ಓಡಿಹೋದ್ರಲ್ಲ ಪಾಪ, ಅವರು ಚುರುಕಾಗಿದ್ದಾರೆ, ಅವರನ್ನೇ ಮಾಡಿ ಅಂದ್ರು."

"ಆದರೆ ನಾವೂ ಇವರನ್ನೇ ಆರಿಸಿದ್ದೀವಲ್ಲ!" ಎಂದು ಇತೊಹಾರಾ ಮುಂದೆ ಬಂದರು. "ನಮ್ಮದು ನಿಜವಾದ ಸಭೆ. ಪೂಜೆ ಕೂಡ ಆಗಿದೆ."

"ಎಲ್ಲಿತ್ತು ನಿಮ್ಮ ಸಭೆ? ನನಗ್ಯಾಕೆ ಹೇಳಲಿಲ್ಲ?"

ಮಾತು ಬೆಳೆಯಿತು. ಆರು ಜನ ಈ ಗೋಡೆಗೆ, ಆರು ಜನ ಆ ಗೋಡೆಗೆ. ಛತ್ರಿಗಳು ಮೇಲೆದ್ದವು, ಅದರಲ್ಲೊಂದು ತನ್ನದೇ ಎಂದು ನಿಶಿಗೋರಿ ಗುರುತಿಸಿದ. ಕೊನೆಗೆ ಯೊನೆಹಾರಾ ಗುರುಗಳು ಊರುಗೋಲು ಕುಟ್ಟಿ, "ಟೋಕಿಯೋಗೆ ಫೋನ್ ಮಾಡ್ರಪ್ಪಾ!" ಎಂದರು.

ಕೇಂದ್ರ ಕಚೇರಿಯಲ್ಲಿ ಶಾಖೆಗಳ ಉಸ್ತುವಾರಿ ನೋಡುವ ಹಿರುಕಾವಾ ಮೇಡಂ ಫೋನಿನಲ್ಲಿ ಸಿಕ್ಕರು. ಎಲ್ಲರಿಗೂ ಕೇಳುವಂತೆ ಧ್ವನಿ ದೊಡ್ಡದು ಮಾಡಲಾಯಿತು. ನಿಶಿಗೋರಿಗೆ ಈಗ ಒಂದೇ ದಾರಿ ಉಳಿದಿತ್ತು. ನಾಚಿಕೆ ಬಿಟ್ಟು ಸತ್ಯ ಹೇಳಿದ.

"ಮೇಡಂ, ದೇವಾಲಯದ ಸಭೆ ಸಭೇನೇ ಅಲ್ಲ. ಜಾಗ ಬದಲಾಗಿದೆ ಅಂತ ನಾನು ಸುಳ್ಳು ಹೇಳಿದ್ದೆ. ನನ್ನದೇ ತಪ್ಪು. ಬೇಕಾದ್ರೆ ನನ್ನನ್ನ ಸಂಘದಿಂದಲೇ ತೆಗೆದುಹಾಕಿ." ಕೊನೆಯ ಮಾತಿನಲ್ಲಿ ಆಸೆ ತುಳುಕುತ್ತಿತ್ತು.

ಕಡೊವಾಕಿ ಮೇಡಂ ಬಾಯಿಗೆ ಕೈ ಇಟ್ಟರು. ಆ ಕಡೆಯಿಂದ ಕಾಗದ ಮಗುಚುವ ಸದ್ದು ಕೇಳಿತು.

"ಸಭೆಯ ಜಾಗ ಗೊತ್ತುಮಾಡೋ ಅಧಿಕಾರ ಯಾರದು ನಿಶಿಗೋರಿಯವರೇ?"

"ಕಾರ್ಯದರ್ಶಿಯದು."

"ಅಂದ್ರೆ ನಿಮ್ಮದೇ. ನೀವು ದೇವಾಲಯ ಅಂದ ಕೂಡ್ಲೇ ದೇವಾಲಯ ಆಯ್ತು. ಅದು ಸುಳ್ಳು ಹೇಗಾಗುತ್ತೆ?"

"ಹಾಗಾದ್ರೆ ಭವನದ್ದು?"

"ಅದನ್ನೂ ನೀವೇ ಗೊತ್ತುಮಾಡಿದ್ರಿ. ರದ್ದು ಮಾಡಿದ್ರಾ?"

"ಇಲ್ಲ..."

"ಎರಡು ಕಡೇನೂ ಸಾಕಷ್ಟು ಜನ ಇದ್ರು, ಎರಡು ಕಡೇನೂ ಆಯ್ಕೆ ಆಗಿದೆ. ಎರಡೂ ಸಿಂಧು."

"ಒಂದು ಶಾಖೆಗೆ ಎರಡು ಸಭೆ ಹೇಗೆ ಮೇಡಂ?"

"ಒಂದು ಶಾಖೆಗೆ ಎರಡು ಸಭೆ ಆಗಲ್ಲ, ನಿಜ. ಅದಕ್ಕೇ ಇವತ್ತಿಂದ ಎರಡು ಶಾಖೆ. ಉತ್ತರ ದಡ, ದಕ್ಷಿಣ ದಡ." ಹಿರುಕಾವಾ ಮೇಡಂ ಧ್ವನಿಯಲ್ಲಿ ಸಂತೋಷ ಉಕ್ಕಿತು. "ಶಾಖೆ ಹೆಚ್ಚಿಸಿ, ಹೆಚ್ಚಿಸಿ ಅಂತ ಮೇಲಿನವರು ನನ್ನ ಪ್ರಾಣ ತಿಂತಿದ್ರು. ಬಹಳ ಉಪಕಾರ ಆಯ್ತು! ಒಂದು ಮಾತು ಮಾತ್ರ ನೆನಪಿರ್ಲಿ. ಪಕ್ಕಪಕ್ಕದ ಶಾಖೆ ಅಂದ್ಮೇಲೆ ಕಾರ್ಯದರ್ಶಿಗಳ ನಡುವೆ ಜಗಳ ಬರೋದು ಸಹಜ. ತಿಂಗಳಿಗೊಂದು ಸಲ ಇಬ್ರೂ ಎದುರು ಬದುರು ಕೂತು ಮಾತಾಡಿ, ಹೊಂದ್ಕೊಂಡು ಹೋಗಿ."

ಫೋನು ನಿಂತಿತು. ಇತೊಹಾರಾ ಕಡೆಯವರೂ ಕಡೊವಾಕಿ ಮೇಡಂ ಕಡೆಯವರೂ ಅಂದು ಮೊದಲ ಬಾರಿಗೆ ಒಮ್ಮತದಿಂದ ಚಪ್ಪಾಳೆ ತಟ್ಟಿದರು.

ಕತ್ತಲಾಗುವ ಹೊತ್ತಿಗೆ ನಿಶಿಗೋರಿ ಪಂಕ್ಚರಾದ ಸೈಕಲ್ ತಳ್ಳಿಕೊಂಡು ಮನೆ ಸೇರಿದ. ಸನಾಯೆ ಟವಲ್ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು.

"ಏನ್ರೀ, ಬಿಡುಗಡೆ ಆಯ್ತಾ?"

ಅವನು ಬೂಟು ಬಿಚ್ಚಿ, ಕಾಲುಚೀಲ ಹಿಂಡಿ, ನಡೆದದ್ದೆಲ್ಲ ಒಂದೂ ಬಿಡದೆ ಹೇಳಿದ. ಸನಾಯೆ ನಗಲಿಲ್ಲ. ಟವಲ್ಲನ್ನು ಅವನ ಹೆಗಲಿಗೆ ಹಾಕಿ ಹೇಳಿದಳು.

"ಸರಿ, ಒಳ್ಳೇದೇ ಆಯ್ತು ಬಿಡಿ. ಉತ್ತರ ದಡದ ಕಾರ್ಯದರ್ಶಿ ಪಾತ್ರೆ ತೊಳೀಲಿ, ದಕ್ಷಿಣ ದಡದ ಕಾರ್ಯದರ್ಶಿ ಸ್ನಾನದ ಮನೆ ತಿಕ್ಕಲಿ. ಯಾರು ಮೊದಲು ಅಂತ ಮಾತ್ರ ಇಬ್ರೂ ಜಗಳ ಆಡ್ಬೇಡಿ."